ಕೆಬೆಕ್ ಕೋಟೆ ನೋಡಲು ಬಂದವರು

ಕೆಬೆಕ್ ನಗರ, ಕೆನಡಾ
14 ಮಾರ್ಚ್ 2000

ಸ್ನೇಹಿ,

ಮತ್ತೆ ಕೈ ಮುರಿದುಕೊಂಡೆಯಂತೆ! ಹೋದ ವರ್ಷ ಮೆಟ್ಟಿಲು, ಈ ವರ್ಷ ಬಚ್ಚಲ ತೊಟ್ಟಿ. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ನಾವು ಒಂದೇ ಕೋಣೆಯಲ್ಲಿದ್ದ ಅಷ್ಟೂ ದಿನ ನೀನು ಒಮ್ಮೆಯೂ ಎಡವಿದ್ದು ನಾನು ನೋಡಿಲ್ಲ. ಎಡವುವ ಖಾತೆ ಪೂರ್ತಿ ನನ್ನದಾಗಿತ್ತು. ಸಾಂಟಾ ಕ್ಲಾರಾದ ನೆಲಕ್ಕೆ ಅದೇನು ಎಣ್ಣೆ ಸವರಿದ್ದಾರೋ ಕಾಣೆ. ಹುಷಾರಾಗಿರು ಮಾರಾಯ್ತಿ, ನಮಗೂ ನಲವತ್ತು ಹತ್ತಿರ ಬಂತು.

ನಮ್ಮೂರ ಕೋಟೆಗೋಡೆಯ ಮೇಲೆ ಹಿಮ ಇನ್ನೂ ಮೊಣಕಾಲುದ್ದ ಇದೆ. ಮೇ ತಿಂಗಳಲ್ಲಿ ಪ್ರವಾಸಿಗರು ಬರತೊಡಗಿದರೆ ನನ್ನ ಗೈಡ್ ಕೆಲಸ ಶುರು. ಅಲ್ಲಿಯವರೆಗೆ ಮನ್ಸೂರನನ್ನು ಸೋಫಾದ ಮೇಲೆ ಕೂರಿಸಿ ತಾಲೀಮು ನಡೆಸುತ್ತೇನೆ. ಗಂಡನಾದ ತಪ್ಪಿಗೆ ಕೂರುತ್ತಾನೆ, ಪಾಪ. ದಿನವೆಲ್ಲ ಪ್ರಯೋಗಾಲಯದಲ್ಲಿ ನಿಂತು ಬಂದವನು 1759ರ ಮುತ್ತಿಗೆ ಶುರುವಾಗುವಷ್ಟರಲ್ಲಿ ಗೊರಕೆ ಹೊಡೆಯುತ್ತಾನೆ. ಇಂಗ್ಲಿಷರು ನದಿಯ ಆಚೆ ದಡದಿಂದ ಎರಡು ತಿಂಗಳು ಊರಿನ ಮೇಲೆ ಗುಂಡು ಸುರಿಸಿದರು, ಕೆಳಪೇಟೆ ಸುಟ್ಟು ಬೂದಿಯಾಯಿತು. ಕೊನೆಗೆ ಬಯಲಿನಲ್ಲಿ ನಡೆದ ಕದನ ಮಾತ್ರ ಅರ್ಧ ಗಂಟೆಯೊಳಗೆ ಮುಗಿದುಹೋಯಿತು. ಎರಡೂ ಕಡೆಯ ಸೇನಾಪತಿಗಳು ಸತ್ತರು. ಫ್ರೆಂಚ್ ಸೇನಾಪತಿಯನ್ನು ಕನ್ಯಾಮಠದಲ್ಲಿ, ಗುಂಡು ಬಿದ್ದು ತೋಡಿದ್ದ ಹಳ್ಳದಲ್ಲೇ ಹೂಳಿದರು ಅನ್ನುತ್ತಾರೆ. ಈಗ ಇಬ್ಬರಿಗೂ ಸೇರಿ ಒಂದು ಉದ್ಯಾನದಲ್ಲಿ ಒಂದೇ ಸ್ಮಾರಕ ಕಂಬವಿದೆ. ನನ್ನ ಪ್ರವಾಸ ಮುಗಿಯುವುದು ಅಲ್ಲಿಯೇ. ಗೈಡ್ ಆದವಳು ಯಾರ ಪಕ್ಷವನ್ನೂ ಹಿಡಿಯುವಂತಿಲ್ಲ, ಬಸ್ಸಿನಲ್ಲಿ ಎರಡೂ ಕಡೆಯವರು ಇರುತ್ತಾರೆ.

ಇನ್ನೊಂದು ಕಥೆ ನಿನಗೆ ಇಷ್ಟವಾಗುತ್ತದೆ. ಹಳೆಯ ಅಂಚೆ ಕಚೇರಿಯ ಬಾಗಿಲ ಮೇಲೆ ಮೂಳೆ ಕಡಿಯುತ್ತ ಮಲಗಿರುವ ಚಿನ್ನದ ನಾಯಿಯ ಕೆತ್ತನೆ ಇದೆ. ಅಲ್ಲಿ ಹಿಂದೆ ಒಬ್ಬ ವರ್ತಕನ ಮನೆಯಿತ್ತು. 1748ರಲ್ಲಿ ಒಬ್ಬ ಸೇನಾಧಿಕಾರಿ ಬಿಡಾರದ ವಿಷಯಕ್ಕೆ ಅವನೊಡನೆ ಜಗಳವಾಡಿ ಕತ್ತಿಯಿಂದ ಇರಿದ. ವರ್ತಕ ಎರಡು ದಿನ ನರಳಿ ಸತ್ತ. ಇರಿದವನು ಓಡಿಹೋದ, ರಾಜನಿಂದ ಕ್ಷಮೆ ಪಡೆದ, ಮತ್ತೆ ಇದೇ ಊರಿಗೆ ಬಂದ. ಜನ ಆ ಕಲ್ಲಿನ ನಾಯಿಗೂ ಈ ಕೊಲೆಗೂ ಗಂಟು ಹಾಕಿ ಕಥೆ ಹೇಳುತ್ತಾರೆ. ಈ ಬೇಸಿಗೆಯಲ್ಲಾದರೂ ಬನ್ನಿ, ಎಲ್ಲವನ್ನೂ ಬಿಟ್ಟಿಯಾಗಿ ತೋರಿಸುತ್ತೇನೆ.

ನಿನ್ನ
ರುಮಾನಾ

*

ಸಾಂಟಾ ಕ್ಲಾರಾ
9 ಏಪ್ರಿಲ್ 2000

ಪ್ರಿಯ ರುಮ್ಮಿ,

ಎಡಗೈ ಆದದ್ದರಿಂದ ಬರೆಯಲು ತೊಂದರೆಯಿಲ್ಲ. ನಿನ್ನ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಜಯರಾಜ್ ಊಟದ ಮೇಜಿನಲ್ಲಿ ಜೋರಾಗಿ ಓದುತ್ತಾರೆ, ಮನ್ಸೂರ್ ಅವರ ಗೊರಕೆಯ ಜಾಗದಲ್ಲಿ ಅಭಿನಯವೂ ಉಂಟು. ಲಾಸ್ಯಾ ಅಪ್ಪನನ್ನು ನೋಡಿ ನಗುತ್ತಾಳೆ. ಒಂಬತ್ತು ವರ್ಷವಾಯಿತು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಜಯರಾಜ್ ಅವರ ಕಂಪನಿಯ ಶೇರು ಏರಿದೆ ಅಂತ ಫೆಬ್ರವರಿಯಲ್ಲಿ ಆಫೀಸಿನಲ್ಲಿ ಪಾರ್ಟಿಯಾಯಿತು. ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಭಾನುವಾರ ಚರ್ಚಿನ ನಮ್ಮ ಕನ್ನಡ ಸಭೆಯಲ್ಲೂ ಬೈಬಲ್ ಪ್ರಸಂಗ ಮುಗಿಯುವುದನ್ನೇ ಕಾದು ಶೇರಿನ ಮಾತಿಗೆ ಕೂರುತ್ತಾರೆ. ಗಾಯನ ತಂಡ ಈಗಲೂ ಜಯರಾಜ್ ಅವರದ್ದೇ.

ಸಭೆ ಅಂದಾಗ ನೆನಪಾಯಿತು. ಮಂಗಳೂರಿನಲ್ಲಿ ಸಭೆಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹಿಂದಿನ ದಿನ ಸಭೆಯ ಹಿರಿಯರು ಮನೆಗೆ ಬಂದು ಗಂಡಹೆಂಡಿರನ್ನು ಜೊತೆಗೆ ನಿಲ್ಲಿಸಿ ಸಮಾಧಾನ ಉಂಟಾ ಅಂತ ಕೇಳುವ ಪದ್ಧತಿಯನ್ನು ನಿನಗೆ ಹಾಸ್ಟೆಲಿನಲ್ಲಿ ಹೇಳಿದ್ದೆ. ಮನಸ್ತಾಪ ಇಟ್ಟುಕೊಂಡವರು ರೊಟ್ಟಿ ಮುಟ್ಟಬಾರದು. ಇಲ್ಲಿ ಉಡುಪಿಯ ಉಲ್ಲಾಸಣ್ಣ ಹಿರಿಯರು. ಫ್ರೀವೇ ದಾಟಿ ಮನೆಮನೆಗೆ ಬರಲು ಅವರಿಗೆ ಸಮಯವಿಲ್ಲ. ಶನಿವಾರ ಸಂಜೆ ಫೋನ್ ಮಾಡುತ್ತಾರೆ, ಜಯರಾಜ್ ಬೆಡ್‌ರೂಮಿನ ಫೋನ್ ಎತ್ತುತ್ತಾರೆ, ನಾನು ಅಡುಗೆಮನೆಯದ್ದು. ಮೊನ್ನೆಯೂ ಕೇಳಿದರು. ಉಂಟು ಅಂದೆ.

ಆ ವರ್ತಕ ಎರಡು ದಿನ ನರಳಿದ ಅಂದೆಯಲ್ಲ. ಆ ಎರಡು ದಿನ ನೋಡಲು ಬಂದವರು ಏನಾಯಿತು ಅಂತ ಅವನನ್ನೇ ಕೇಳಿದರಾ? ಸುಮ್ಮನೆ ಕೇಳಿದೆ.

ಪ್ರೀತಿಯಿಂದ
ಸ್ನೇಹಲತಾ

(ಕಾಗದದ ಅಂಚಿನಲ್ಲಿ ಬೇರೆ ಕೈಬರಹ:) ರುಮಾನಾ ಅವರೇ, ನಮಸ್ಕಾರ. ಆಗಸ್ಟಿನಲ್ಲಿ ಮೂವರೂ ಬರುತ್ತಿದ್ದೇವೆ. ಟಿಕೆಟ್ ತೆಗೆದಾಯಿತು. ಇವಳಿಗೆ ಹೇಳಿರಲಿಲ್ಲ, ಈ ಅಂಚಿನಲ್ಲೇ ಸರ್‌ಪ್ರೈಸ್! ಜಯರಾಜ್.

*

ಕೆಬೆಕ್ ನಗರ
3 ಸೆಪ್ಟೆಂಬರ್ 2000

ಸ್ನೇಹಿ,

ನೀವು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಮನ್ಸೂರ್ ಒಬ್ಬನೇ ಕೇರಂ ಬೋರ್ಡಿನ ಮುಂದೆ ಕೂತು ಎರಡೂ ಕಡೆಯ ಆಟ ಆಡುತ್ತಾನೆ. ಜಯರಾಜ್ ಅವರ ಹಾಗೆ ಕ್ವೀನ್ ಹೊಡೆಯುವವರನ್ನು ಈ ಊರಿನಲ್ಲಿ ಎಲ್ಲಿಂದ ತರಲಿ ಎನ್ನುತ್ತಾನೆ.

ನಿಜ ಹೇಳಲೇ? ನಿನ್ನ ಪತ್ರಗಳಲ್ಲಿ ನಿನ್ನ ಗಂಡ ಒಂದು ಗೋಡೆ ಗಡಿಯಾರದ ಹಾಗೆ ಕಾಣುತ್ತಿದ್ದರು, ಇದ್ದಾರೆ ಅಷ್ಟೆ. ಎದುರಿಗೆ ನೋಡಿದರೆ ಎಂಥ ಲವಲವಿಕೆಯ ಮನುಷ್ಯ! ಹಳೆಯ ಚರ್ಚಿನೊಳಗೆ ಸಣ್ಣಗೆ ಒಂದು ಸ್ವರ ಎಳೆದು ಅದು ಮಾಡಿಗೆ ತಾಗಿ ಮರಳಿ ಬರುವುದನ್ನು ಲಾಸ್ಯಾಗೆ ಕೇಳಿಸಿದರಲ್ಲ, ಇಷ್ಟು ವರ್ಷ ಗೈಡ್ ಆಗಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಈಗ ನಾನೂ ಅದನ್ನು ನನ್ನ ಪ್ರವಾಸದಲ್ಲಿ ಸೇರಿಸಿಕೊಂಡಿದ್ದೇನೆ. ದುರ್ಗದಲ್ಲಿ ಮಧ್ಯಾಹ್ನದ ತೋಪು ಹಾರಿದಾಗ ಎಲ್ಲ ಮಕ್ಕಳೂ ಬೆಚ್ಚಿಬಿದ್ದರು, ದೊಡ್ಡವರೂ ಕಿವಿ ಮುಚ್ಚಿಕೊಂಡರು, ನಿನ್ನ ಮಗಳು ಕದಲಲಿಲ್ಲ. ಧೈರ್ಯದ ಹುಡುಗಿ.

ನೀನು ಮಾತ್ರ ಎರಡನೆಯ ದಿನ ಮಂಕಾಗಿದ್ದೆ. ಕತ್ತುಮುರಿಯುವ ಮೆಟ್ಟಿಲು ಅಂತ ನಾವು ಕರೆಯುವ ಆ ಮೆಟ್ಟಿಲಿನಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೆ. ಅಮೆರಿಕದ ಬೆಣ್ಣೆ ತಿಂದು ಸೊಂಟ ಬೆಳೆಸಿದ್ದೀಯ ಅಂತ ಎಲ್ಲರೆದುರು ಛೇಡಿಸಿದ್ದಕ್ಕೆ ಸಿಟ್ಟು ಬಂತಾ?

ಹೊರಡುವಾಗ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ "ನನ್ನ ಇಲ್ಲೇ ಇಟ್ಕೊಂಡುಬಿಡು ರುಮ್ಮಿ" ಅಂದೆ. ಆಗ ನಕ್ಕುಬಿಟ್ಟೆ. ಆಮೇಲೆ ಯೋಚನೆ ಹತ್ತಿತು. ನಿಮ್ಮಿಬ್ಬರ ನಡುವೆ ಏನೋ ಇರಿಸುಮುರಿಸು ಇರಬಹುದು, ಯಾರ ಮನೆಯಲ್ಲಿ ಇಲ್ಲ? ಅವರ ಕೆಲಸದ ಒತ್ತಡವೂ ಕಡಿಮೆಯದಲ್ಲ. ನೀನೂ ಮೊದಲಿನಿಂದ ತುಸು ಬಿಗಿ, ಮನಸ್ಸಿನಲ್ಲಿದ್ದದ್ದನ್ನು ಆಡುವುದಿಲ್ಲ. ಎರಡೂ ಕಡೆ ಸ್ವಲ್ಪ ತಗ್ಗಿ ನಡೆದರೆ ಎಲ್ಲ ಸರಿಹೋಗುತ್ತದೆ. ಅವರು ಒಳ್ಳೆಯವರು ಕಣೇ.

ಫೋಟೋಗಳನ್ನು ಕಳಿಸಿದ್ದೇನೆ. ಎಲ್ಲದರಲ್ಲೂ ನೀನು ಚೆನ್ನಾಗಿ ನಕ್ಕಿದ್ದೀಯ.

ನಿನ್ನ
ರುಮಾನಾ

*

ಸಾಂಟಾ ಕ್ಲಾರಾ
21 ಅಕ್ಟೋಬರ್ 2000

ರುಮಾನಾ,

ಇದನ್ನು ಎಲ್ ಕಮೀನೋ ರಸ್ತೆಯ ಜರೀನಾ ಆಂಟಿಯ ಗ್ರೋಸರಿ ಅಂಗಡಿಯ ಹಿಂಬದಿಯಲ್ಲಿ, ಬೇಳೆ ಮೂಟೆಗಳ ನಡುವೆ ಕೂತು ಬರೆಯುತ್ತಿದ್ದೇನೆ. ನನ್ನ ಕತ್ತಿನ ಮೇಲಿನ ಗುರುತು ನೋಡಿ ಒಂದೂ ಪ್ರಶ್ನೆ ಕೇಳದೆ ಒಳಗೆ ಕರೆದು ಚಹಾ ಕೊಟ್ಟವರು ಆಕೆ. ಬೆಂಗಳೂರಿನವರು. ಇನ್ನು ಮುಂದೆ ಇದೇ ಅಂಗಡಿಯ ವಿಳಾಸಕ್ಕೆ ಬರೆ. ಮನೆಗೆ ಬರೆದರೆ ಅವನು ಓದುತ್ತಾನೆ. ಹೌದು, ಅವನು. ಇನ್ನು ನನ್ನ ಕೈಯಲ್ಲಿ ಬಹುವಚನ ಬರೆಸಬೇಡ.

ನಿನ್ನ ಪತ್ರವನ್ನೂ ಅವನು ಊಟದ ಮೇಜಿನಲ್ಲಿ ಓದಿದ. 'ಅವರು ಒಳ್ಳೆಯವರು ಕಣೇ' ಅನ್ನುವ ಸಾಲನ್ನು ಎರಡೆರಡು ಸಲ ಓದಿದ. ಆಮೇಲೆ ಕಾಗದವನ್ನು ಮಡಚಿ ನನ್ನ ಬಾಯಿಗೆ ತುರುಕಿ, ದವಡೆ ಒತ್ತಿ ಹಿಡಿದು, "ನುಂಗು. ನಿನ್ನ ಫ್ರೆಂಡೇ ಬರ್ದದ್ದಲ್ವಾ, ನುಂಗು" ಅಂದ. ನುಂಗಿದೆ.

ನಿಮ್ಮೂರಿನಲ್ಲಿ ನಡೆದದ್ದು ಹೇಳುತ್ತೇನೆ ಕೇಳು. ಮೊದಲ ದಿನ, ಮರದ ಬುಡದಲ್ಲಿ ಸಿಕ್ಕಿಕೊಂಡ ತೋಪಿನ ಗುಂಡು ತೋರಿಸಿದೆಯಲ್ಲ, ಅವನು ಲಾಸ್ಯಾಗೆ ಅದು ಫ್ರೆಂಚರ ಗುಂಡು ಅಂದ. ನಾನು, "ಅಲ್ಲ ರೀ, ಇಂಗ್ಲಿಷರದ್ದು ಅಂತ ಈಗಷ್ಟೇ ರುಮ್ಮಿ ಹೇಳಿದ್ಲಲ್ಲ" ಅಂದೆ. ಮನ್ಸೂರ್ ನಕ್ಕರು. ನೀನೂ ನಕ್ಕೆ. ಅವನೂ ನಕ್ಕ. ಅಷ್ಟೇ ನನ್ನ ತಪ್ಪು.

ಹೋಟೆಲಿಗೆ ಹೋಗಿ ಬಾಗಿಲಿಗೆ ಸರಪಳಿ ಸಿಕ್ಕಿಸಿದ. ಟೀವಿಯ ಸದ್ದು ಏರಿಸಿದ. ಯಾರೋ ಹೆಂಗಸು ಫ್ರೆಂಚಿನಲ್ಲಿ ಸೂಪು ಮಾಡುವುದು ಕಲಿಸುತ್ತಿದ್ದಳು. ಲಾಸ್ಯಾ ತನ್ನ ಪುಸ್ತಕ ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಅವಳಿಗೆ ಯಾರೂ ಹೇಳಬೇಕಾಗಿಲ್ಲ. "ನಿಂಗೆ ಎಂತ ಗೊತ್ತುಂಟು? ಹೇಳು, ಎಂತ ಗೊತ್ತುಂಟು?" ಅನ್ನುತ್ತ ಮೊದಲು ಹೊಟ್ಟೆಗೆ ಗುದ್ದಿದ. ಮುಖಕ್ಕೆ ಹೊಡೆಯುವುದಿಲ್ಲ, ಮಾರನೆಯ ದಿನ ಫೋಟೋ ಇತ್ತಲ್ಲ. ಬಿದ್ದ ಮೇಲೆ ಪಕ್ಕೆಗೆ ಒದ್ದ. ನಿಮ್ಮೂರಲ್ಲಿ ನಡೆಯಲು ಅಂತಲೇ ಕೊಂಡ ಹೊಸ ಶೂ, ಅಡಿ ಗಟ್ಟಿ. ಒಳಗೆ ಏನೋ ಲಟಕ್ ಅಂದದ್ದು ನನಗೇ ಕೇಳಿಸಿತು. ಕೂಗಲು ಹೋದಾಗ ಮುಖವನ್ನು ದಿಂಬಿಗೆ ಒತ್ತಿ ಬೆನ್ನ ಮೇಲೆ ಮೊಣಕಾಲೂರಿದ. ನಾನು ಕಾಲು ಬಡಿಯುವುದು ನಿಲ್ಲಿಸುವವರೆಗೂ ಬಿಡಲಿಲ್ಲ. ಸತ್ತೆ ಅಂತಲೇ ಅಂದುಕೊಂಡೆ. ಆಮೇಲೆ ಅವನೇ ಹೊರಗೆ ಹೋಗಿ ಬಕೆಟ್ಟಿನಲ್ಲಿ ಐಸ್ ತಂದು ಟವೆಲಿನಲ್ಲಿ ಸುತ್ತಿ ಒತ್ತಿದ. ಯಾವಾಗಲೂ ಅವನೇ ಐಸ್ ತರುತ್ತಾನೆ, ಯಾವಾಗಲೂ ಅಳುತ್ತಾನೆ.

ಮರುದಿನ ಎರಡು ಮುರಿದ ಪಕ್ಕೆಲುಬು ಇಟ್ಟುಕೊಂಡು ನಿನ್ನ ಕತ್ತುಮುರಿಯುವ ಮೆಟ್ಟಿಲು ಇಳಿದೆ, ಹತ್ತಿದೆ. ನೀನು ಬೆಣ್ಣೆಯ ಮಾತಾಡಿದೆ.

ಲಾಸ್ಯಾ ಧೈರ್ಯದ ಹುಡುಗಿಯಲ್ಲ. ದೊಡ್ಡ ಸದ್ದು ಅವಳಿಗೆ ರೂಢಿ. ಸದ್ದು ನಿಂತ ಮೇಲೆ ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಾಳೆ, ನಾನು ಕಣ್ಣು ಬಿಟ್ಟಿದ್ದೇನೋ ಇಲ್ಲವೋ ಅಂತ. ನಾನು ಪ್ರತಿ ಸಲ ಹೇಳುವುದು ಒಂದೇ: "ಏನೂ ಆಗಿಲ್ಲ ಮಗಳೇ, ಅಮ್ಮಂಗೆ ನೋವಿಲ್ಲ."

ಎರಡೂ ಕಡೆ ತಗ್ಗಿ ನಡೆಯಬೇಕಂತೆ. ಎರಡು ಹೆಸರಿನ ಕಂಬದ ಕೆಳಗೆ ನಿಂತು ನಿಂತು ನಿನಗೆ ಎಲ್ಲ ಜಗಳವೂ ಒಂದೇ ಥರ ಕಾಣುತ್ತದೆ. ಅಲ್ಲಿ ಇಬ್ಬರ ಕೈಯಲ್ಲೂ ಬಂದೂಕು ಇತ್ತು ರುಮಾನಾ. ನನ್ನ ಹೆಸರನ್ನು ಅವನ ಪಕ್ಕದಲ್ಲಿ ಕೆತ್ತಬೇಡ.

ಸ್ನೇಹಲತಾ

*

ಕೆಬೆಕ್ ನಗರ
2 ನವೆಂಬರ್ 2000

ಸ್ನೇಹಿ,

ನಾಲ್ಕು ಸಲ ಬರೆದು ಹರಿದೆ. ನನ್ನ ನಾಚಿಕೆಯನ್ನು ನಿನ್ನ ಮುಂದೆ ಹರವಿಕೊಂಡು ಕೂತರೆ ಅದನ್ನೂ ನೀನೇ ಸಮಾಧಾನ ಮಾಡಬೇಕಾಗುತ್ತದೆ. ಅದು ಬೇಡ.

ನಾನು ಕುರುಡಿಯ ಹಾಗೆ ನಡೆದುಕೊಂಡೆ. ಕಲ್ಲಿನಲ್ಲಿರುವ ಗುಂಡಿನ ಗುರುತನ್ನು ಊರಿಗೆಲ್ಲ ತೋರಿಸುವವಳು ನಾನು.

ಪತ್ರವನ್ನು ಮನ್ಸೂರನಿಗೆ ಓದಿ ಹೇಳಿದೆ. ಅವನು ಎದ್ದು ಕೇರಂ ಬೋರ್ಡನ್ನು ಹೊರಗೆ ಕೊಂಡೊಯ್ದು ಕಸದ ಡಬ್ಬಿಯ ಪಕ್ಕ ಇಟ್ಟು ಬಂದ. ಆಮೇಲೆ "ಯಾವಾಗ ಬರ್ತಾರಂತೆ?" ಅಂದ. ನನ್ನದೂ ಅದೇ ಪ್ರಶ್ನೆ. ಕೋಣೆ ಇದೆ, ಹೊದಿಕೆ ಇದೆ, ಲಾಸ್ಯಾಗೆ ಶಾಲೆ ಇದೆ. ನೀನು ಹೊರಡು ಅಂದರೆ ನಾನೇ ಬಂದು ಕರೆತರುತ್ತೇನೆ. ಅವನು ಬಾಗಿಲಲ್ಲಿ ನಿಂತರೆ ನಿಲ್ಲಲಿ.

ರುಮಾನಾ

*

ಸಾಂಟಾ ಕ್ಲಾರಾ
9 ಮಾರ್ಚ್ 2001

ರುಮ್ಮಿ,

ನಾಲ್ಕು ತಿಂಗಳು ಬರೆಯಲಿಲ್ಲ. ನಿನ್ನ ಎಲ್ಲ ಪತ್ರಗಳೂ ಜರೀನಾ ಆಂಟಿಯ ಬಳಿ ಭದ್ರವಾಗಿವೆ. ನನ್ನ ಕೋಪ ಹೋಗಿದೆ. ಅದನ್ನು ನಿನ್ನ ಮೇಲೆ ಖರ್ಚು ಮಾಡುವಷ್ಟು ಶಕ್ತಿ ಇಲ್ಲ.

ಜನವರಿಯಲ್ಲಿ ಅವನ ಕಂಪನಿ ಮುಚ್ಚಿತು. ಕುರ್ಚಿಗಳನ್ನೂ ಹರಾಜು ಹಾಕಿದರಂತೆ. ಇಡೀ ದಿನ ಮನೆಯಲ್ಲೇ ಇರುತ್ತಾನೆ. ಕೆಲಸ ಹೋದ ಬೇಸರಕ್ಕೆ ಹೊಡೆಯುತ್ತಾನೆ ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಶೇರು ಏರಿದ ಪಾರ್ಟಿಯ ದಿನವೇ ಅಲ್ಲವಾ ಅವನು ನನ್ನ ಕೈ ಮುರಿದದ್ದು.

ಹೋದ ಶನಿವಾರ ಉಲ್ಲಾಸಣ್ಣನ ಫೋನ್ ಬಂತು. ಅವನು ಬೆಡ್‌ರೂಮಿನಲ್ಲಿ, ನಾನು ಅಡುಗೆಮನೆಯಲ್ಲಿ. "ಜಯರಾಜ್, ಸ್ನೇಹಕ್ಕ, ಸಮಾಧಾನ ಉಂಟಲ್ಲ?" ಅಂದರು. ಅವನು ಉಂಟು ಅಂದ. ನನ್ನ ಬಾಯಿಂದ "ಇಲ್ಲ" ಅಂತ ಬಂತು. ಯೋಚಿಸಿ ಹೇಳಿದ್ದಲ್ಲ. "ಇಲ್ಲ ಉಲ್ಲಾಸಣ್ಣ. ನಂಗೆ ಹೊಡೀತಾರೆ. ನೀವು ಬರ್ಬೇಕು, ಈಗ್ಲೇ ಬರ್ಬೇಕು" ಅಂದೆ. ಅವರು ಉತ್ತರಿಸುವ ಮೊದಲೇ ಜಯರಾಜ್ ಅಡುಗೆಮನೆಗೆ ಬಂದ. ನನ್ನ ಕೈಯಿಂದ ಫೋನ್ ಕಿತ್ತು ಅದರಿಂದಲೇ ತಲೆಗೆ ಬಡಿದ. ಫೋನ್ ಕೆಳಗೆ ಬಿದ್ದು ತಂತಿಯಲ್ಲಿ ನೇತಾಡುತ್ತಿತ್ತು. ಅದರೊಳಗಿಂದ ಉಲ್ಲಾಸಣ್ಣ "ಹಲೋ, ಹಲೋ" ಅನ್ನುವುದು ಕೇಳುತ್ತಿತ್ತು. ನಾನು ಅವರ ಹೆಸರು ಹಿಡಿದು ಕೂಗಿದೆ. ಇನ್ನೊಂದು ಏಟು ಬಿತ್ತು. ಆಚೆ ಕಡೆ ಫೋನ್ ಇಟ್ಟ ಸದ್ದು ಬಂತು.

ಅವರು ಬರಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಭಾನುವಾರ ಕೂದಲಿನಿಂದ ಗಾಯ ಮುಚ್ಚಿಕೊಂಡು ಸಭೆಗೆ ಹೋದೆ. ಉಲ್ಲಾಸಣ್ಣ ರೊಟ್ಟಿಯ ತಟ್ಟೆ ಹಿಡಿದು ಬಂದರು. ಅವನಿಗೆ ಕೊಟ್ಟರು. ನನ್ನ ಮುಂದೆ ಬಂದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದರು. ಸಮಾಧಾನ ಇಲ್ಲ ಅಂದವಳು ನಾನಲ್ಲವಾ, ನಿಯಮದ ಪ್ರಕಾರ ರೊಟ್ಟಿ ತಪ್ಪಬೇಕಾದವಳು ನಾನೇ. ಅವರು ನಿಯಮ ಪಾಲಿಸಿದರು. ಅವನು ಎದ್ದು ಹೋಗಿ ಗಾಯನ ನಡೆಸಿದ.

ಇಷ್ಟಕ್ಕೂ ನಾನು ಹೊರಡುತ್ತಿರಲಿಲ್ಲವೇನೋ. ಅವನು ಲಾಸ್ಯಾಳನ್ನು ಒಂದು ದಿನವೂ ಮುಟ್ಟಿದವನಲ್ಲ, ಅವಳಿಗೆ ಅಪ್ಪ ಇರಲಿ ಅಂತ ಇದ್ದೆ. ಮೊನ್ನೆ ಬುಧವಾರ ಅವಳ ಹೋಮ್‌ವರ್ಕಿನಲ್ಲಿ ಒಂದು ತಪ್ಪು ತೋರಿಸಿದೆ. ಅವಳು ಕುರ್ಚಿಯಿಂದ ಇಳಿದು ಬಂದು ನನ್ನ ಕೆನ್ನೆಗೆ ಹೊಡೆದಳು. ಮಕ್ಕಳ ಪೆಟ್ಟಲ್ಲ ರುಮ್ಮಿ, ಕೈ ಹಿಂದಕ್ಕೆ ಎಳೆದು ಗುರಿಯಿಟ್ಟು ಹೊಡೆದದ್ದು. "ವಾಟ್ ಡು ಯೂ ನೋ?" ಅಂದಳು. ನಾನು ಅಲ್ಲಾಡಲಿಲ್ಲ. ಆಮೇಲೆ ಅವಳು ಫ್ರೀಜರ್ ತೆಗೆದು ಬಟಾಣಿಯ ಪ್ಯಾಕೆಟ್ಟನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಕೆನ್ನೆಗೆ ಒತ್ತಿದಳು. ಕೂದಲು ಸವರಿದಳು. "ಐ ಆಮ್ ಸಾರಿ. ಯೂ ಮೇಡ್ ಮಿ ಡು ಇಟ್. ಯೂ ನೋ ಐ ಲವ್ ಯೂ" ಅಂದಳು. ಅವನ ಧಾಟಿಯಲ್ಲೇ, ಅವನು ಉಸಿರೆಳೆಯುವ ಜಾಗದಲ್ಲೇ ಉಸಿರೆಳೆದು.

ಅಂಥ ಭಯ ನನಗೆ ಮುಖ ದಿಂಬಿಗೆ ಒತ್ತಿದಾಗಲೂ ಆಗಿರಲಿಲ್ಲ.

ನಿನ್ನ ಬಳಿಗೆ ಬರಲಾಗುವುದಿಲ್ಲ. ಪಾಸ್‌ಪೋರ್ಟುಗಳು ಅವನ ಬೀಗದಲ್ಲಿವೆ. ಅವನ ಒಪ್ಪಿಗೆಯಿಲ್ಲದೆ ಮಗುವನ್ನು ಗಡಿ ದಾಟಿಸಿದರೆ ಅಪರಾಧಿ ನಾನೇ ಆದೇನು ಅಂತ ಜರೀನಾ ಆಂಟಿ ಮಾತಾಡಿಸಿದ ವಕೀಲೆ ಹೇಳಿದಳು. ಓಕ್ಲ್ಯಾಂಡಿನಲ್ಲಿ ಹೆಂಗಸರ ಆಶ್ರಯಮನೆ ಇದೆಯಂತೆ. ಸೋಮವಾರ ಅವನಿಗೆ ಇಂಟರ್‌ವ್ಯೂ ಉಂಟು. ಅದೇ ಹೊತ್ತಿಗೆ ಆಂಟಿಯ ಅಕ್ಕಿ ವ್ಯಾನು ಓಕ್ಲ್ಯಾಂಡಿಗೆ ಹೋಗುತ್ತದೆ.

ನಿನ್ನ
ಸ್ನೇಹಿ

*

ಸಾಂಟಾ ಕ್ಲಾರಾ
26 ಮಾರ್ಚ್ 2001

ಸಹೋದರಿ ರುಮಾನಾ ಅವರಿಗೆ,

ಕರ್ತನ ನಾಮದಲ್ಲಿ ವಂದನೆಗಳು. ಮನ್ಸೂರ್ ಅವರು ಕ್ಷೇಮವೆಂದು ಭಾವಿಸುತ್ತೇನೆ.

ನನ್ನ ಪತ್ನಿ ಮತ್ತು ಮಗಳು ಮನೆಯಲ್ಲಿಲ್ಲ. ಸ್ನೇಹಾಳ ಮನಸ್ಸು ಕೆಲವು ವರ್ಷಗಳಿಂದ ಸ್ವಸ್ಥವಾಗಿಲ್ಲ. ಆಗಾಗ ಬೀಳುತ್ತಾಳೆ, ಇಲ್ಲದ್ದನ್ನು ಹೇಳುತ್ತಾಳೆ. ನಮ್ಮ ಸಭೆಯ ಹಿರಿಯರಾದ ಉಲ್ಲಾಸ್ ಅವರಿಗೂ ಇದು ಗೊತ್ತು. ನಾನು ಎಲ್ಲವನ್ನೂ ಕ್ಷಮಿಸಿದ್ದೇನೆ. ನೀವು ವಿವೇಕಿಗಳು, ಎರಡೂ ಕಡೆ ನೋಡುವವರು. ಅವಳಿಗೆ ಬುದ್ಧಿ ಹೇಳಿ ಬರೆದದ್ದನ್ನು ನಾನು ಮರೆತಿಲ್ಲ.

ಅವಳಿಗೆ ಹೋಗಲು ನಿಮ್ಮ ಮನೆ ಬಿಟ್ಟರೆ ಬೇರೆ ಜಾಗವಿಲ್ಲ. ದಯವಿಟ್ಟು ಕಳಿಸಿಕೊಡಿ. ಇಲ್ಲವಾದರೆ ನಾನೇ ಬರಬೇಕಾಗುತ್ತದೆ. ನಿಮ್ಮ ಬೀದಿ, ನಿಮ್ಮ ಮೆಟ್ಟಿಲು, ನೀವು ಪ್ರವಾಸಿಗರನ್ನು ಕರೆದುಕೊಂಡು ಓಡಾಡುವ ದಾರಿ ಎಲ್ಲ ನನಗೆ ಚೆನ್ನಾಗಿ ನೆನಪಿದೆ.

ನಿಮ್ಮ ಸಹೋದರ
ಜಯರಾಜ್

*

ಕೆಬೆಕ್ ನಗರ
23 ಏಪ್ರಿಲ್ 2001

ಸ್ನೇಹಿ,

ಜರೀನಾ ಆಂಟಿ ನಿನಗೆ ಇದನ್ನು ತಲುಪಿಸುತ್ತಾರೆ ಅಂತ ನಂಬಿ ಬರೆಯುತ್ತಿದ್ದೇನೆ. ಅವನು ಬಂದಿದ್ದ. ಮೊದಲೇ ಹೇಳಿಬಿಡುತ್ತೇನೆ, ನಮಗೆ ಏನೂ ಆಗಿಲ್ಲ.

ಟೀವಿಯಲ್ಲಿ ನೋಡಿರುತ್ತೀ. ಹೋದ ಶುಕ್ರವಾರದಿಂದ ನಿನ್ನೆಯವರೆಗೆ ಇಲ್ಲಿ ಅಮೆರಿಕ ಖಂಡಗಳ ರಾಷ್ಟ್ರನಾಯಕರ ಸಭೆ. ಪ್ರತಿಭಟನೆಗೆ ಸಾವಿರಾರು ಜನ ಬಂದಿದ್ದರು. ಹಳೆಯ ಕೋಟೆಗೋಡೆ ಸಾಲದೆಂದು ಕಾಂಕ್ರೀಟಿನ ಮೇಲೆ ಕಬ್ಬಿಣದ ಬಲೆ ನಿಲ್ಲಿಸಿ ಊರಿಗೆ ಇನ್ನೊಂದು ಬೇಲಿ ಹಾಕಿದ್ದರು. ನಮ್ಮ ಮನೆ ಬೇಲಿಯ ಒಳಗೆ. ಪಾಸ್ ಇಲ್ಲದವರು ಒಳಗೆ ಬರುವಂತಿಲ್ಲ. ಕಲ್ಲು, ಬಾಟಲಿ, ಅಶ್ರುವಾಯು, ದಿನವಿಡೀ ಅದೇ. ಮನ್ಸೂರ್ ಕಿಟಕಿಗಳ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದ್ದರೂ ಅನ್ನದ ಪಾತ್ರೆಯಲ್ಲೂ ಘಾಟು.

ಶನಿವಾರ ಮಧ್ಯಾಹ್ನ, ಪಕ್ಕದ ಮನೆಯ ಮುದುಕಿಗೆ ಔಷಧಿ ತರಲು ವಿನಿಗರ್‌ನಲ್ಲಿ ನೆನೆಸಿದ ದುಪಟ್ಟಾ ಮೂಗಿಗೆ ಕಟ್ಟಿಕೊಂಡು ಹೊರಟೆ. ಬೇಲಿಯ ಆಚೆಯಿಂದ ಯಾರೋ ಕನ್ನಡದಲ್ಲಿ ನನ್ನ ಹೆಸರು ಕೂಗಿದರು. ಅವನೇ. ಕೋಟು ಹಾಕಿದ್ದ, ಕೈಯಲ್ಲಿ ಲಾಸ್ಯಾಗೆ ಅಂತ ಒಂದು ಗೊಂಬೆ. ಬಲೆಯನ್ನು ಹಿಡಿದು ಅಲ್ಲಾಡಿಸುತ್ತಿದ್ದ. "ಅವ್ಳನ್ನ ಹೊರಗೆ ಕಳ್ಸಿ. ನನ್ ಹೆಂಡ್ತಿ ಅವ್ಳು. ಒಳಗೆ ಇಟ್ಕೊಂಡಿದ್ದೀರಿ, ನಂಗೊತ್ತುಂಟು!" ಮೊದಲು ಗೌರವದಿಂದ. ಆಮೇಲೆ ಅವನ ಬಾಯಿಂದ ಬಂದದ್ದನ್ನು ಬರೆಯಲಾರೆ. ನನ್ನನ್ನೂ ನಿನ್ನನ್ನೂ ಏನು ಮಾಡುತ್ತೇನೆಂದು ವಿವರವಾಗಿ ಹೇಳಿದ, ಯಾವ ಎಲುಬಿನಿಂದ ಶುರು ಅಂತಲೂ. ಸುತ್ತಲಿನ ಹುಡುಗರು ಇವನೂ ತಮ್ಮ ಜೊತೆಯವನೆಂದು ತಿಳಿದು ಅವನ ಜೊತೆ ಸೇರಿ ಬೇಲಿ ಎಳೆದರು.

ಆಗ ಅಶ್ರುವಾಯುವಿನ ಡಬ್ಬಿ ಅವರ ನಡುವೆ ಬಿತ್ತು. ಹುಡುಗರು ಓಡಿದರು, ಅವನಿಗೆ ಓಡಬೇಕೆಂದು ಗೊತ್ತಾಗಲಿಲ್ಲ. ಕಣ್ಣು ಉಜ್ಜಿಕೊಂಡು ಇನ್ನಷ್ಟು ಹಾಳು ಮಾಡಿಕೊಂಡ. ಬೇಲಿಗೆ ಆತುಕೊಂಡು ಮಂಡಿಯೂರಿ, ವಾಂತಿ ಮಾಡುತ್ತ, "ಅಕ್ಕ, ನೀರು, ಅಕ್ಕ" ಅಂದ. ನನ್ನ ಕೈಚೀಲದಲ್ಲಿ ನೀರಿನ ಬಾಟಲಿಯೂ ಇನ್ನೊಂದು ಒದ್ದೆ ಬಟ್ಟೆಯೂ ಇದ್ದವು. ಬಲೆಯ ಕೆಳಗಿನ ಸಂದಿಯಲ್ಲಿ ತೂರಿಸಿ ಕೊಡಬಹುದಿತ್ತು.

ಕೊಡಲಿಲ್ಲ. ನಿಂತು ನೋಡಿದೆ. ಸಂತೋಷವಾಯಿತು ಸ್ನೇಹಿ. ನಾಚಿಕೆಯಾಗುತ್ತದೇನೋ ಅಂತ ಎರಡು ದಿನ ಕಾದೆ, ಆಗಲಿಲ್ಲ. ಕೊನೆಗೆ ಪೊಲೀಸರು ಅವನನ್ನು ಎಳೆದುಕೊಂಡು ಹೋದರು. ಮನ್ಸೂರ್ ಠಾಣೆಗೆ ಹೋಗಿ ಅವನ ಪತ್ರವನ್ನೂ ಬೆದರಿಕೆಯ ವಿವರವನ್ನೂ ಕೊಟ್ಟು ಬಂದಿದ್ದಾನೆ. ನಿನ್ನ ವಕೀಲೆಗೂ ಪ್ರತಿ ಕಳಿಸಿದ್ದೇವೆ. ಕೋರ್ಟಿಗೆ ಸಾಕ್ಷಿ ಬೇಕಾದರೆ ನಾನು ಬರುತ್ತೇನೆ, ಒಂದೇ ಕಡೆಯ ಸಾಕ್ಷಿಯಾಗಿ.

ನಿನ್ನ
ರುಮ್ಮಿ

*

ಓಕ್ಲ್ಯಾಂಡ್
20 ಮೇ 2001

ರುಮ್ಮಿ,

ನಿನ್ನೆ ಈ ಆಶ್ರಯಮನೆಯ ಹೆಂಗಸರಿಗೆ ನಿನ್ನ ಪತ್ರವನ್ನು ಇಂಗ್ಲಿಷಿನಲ್ಲಿ ಹೇಳಿದೆ. ನೀನು ನೀರು ಕೊಡದ ಜಾಗಕ್ಕೆ ಬಂದಾಗ ಒಬ್ಬಳು ಮೇಜು ಗುದ್ದಿ ಚಪ್ಪಾಳೆ ತಟ್ಟಿದಳು. ಅವಳ ಬೆರಳುಗಳಿಗೆ ಇನ್ನೂ ಪಟ್ಟಿ ಇದೆ. ನನಗೆ ಮಾತ್ರ ಅಳು ಬಂತು, ಯಾಕೋ ಗೊತ್ತಿಲ್ಲ.

ಮೂರು ವರ್ಷ ಅವನು ನಮ್ಮ ಹತ್ತಿರ ಸುಳಿಯಬಾರದೆಂದು ಕೋರ್ಟು ಆದೇಶ ಕೊಟ್ಟಿದೆ. ನಿನ್ನ ಹೇಳಿಕೆ, ಪಕ್ಕೆಲುಬಿನ ಎಕ್ಸ್-ರೇ, ಎರಡನ್ನೂ ನೋಡಿದರು. ಉಲ್ಲಾಸಣ್ಣನನ್ನೂ ಕರೆಸಿದ್ದರು. ಫೋನಿನಲ್ಲಿ ಏನೂ ಸರಿಯಾಗಿ ಕೇಳಿಸಲಿಲ್ಲ ಅಂದರು. ಅವನು ಕಟಕಟೆಯ ಆಚೆಯಿಂದ ನನ್ನನ್ನು ನೋಡಿ ಮುಗುಳ್ನಕ್ಕ. ಆದೇಶ ಬರಿಯ ಕಾಗದ, ಅದು ನನಗೂ ಗೊತ್ತು ಅವನಿಗೂ ಗೊತ್ತು. ಬೀದಿಯಲ್ಲಿ ಕೆಮ್ಮಿದ ಸದ್ದಾದರೂ ತಿರುಗಿ ನೋಡುತ್ತೇನೆ.

ಇಲ್ಲಿ ನಮಗೆ ಒಂದು ಕೋಣೆ, ಎರಡು ಮಂಚ. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಲಾಸ್ಯಾ ಮೊದಲ ವಾರವೆಲ್ಲ ಅಪ್ಪ ಎಲ್ಲಿ ಅಂತ ಜಗಳ ತೆಗೆದಳು. ತನ್ನನ್ನು ನೀನೇ ಕದ್ದುಕೊಂಡು ಬಂದೆ ಅಂದಳು. ಅವಳ ಪಾಲಿಗೆ ನಿಜವೂ ಹೌದಲ್ಲ.

ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಡುವಾಗ ಜಡೆ ಬಿಗಿಯಾಯಿತು ಅಂತ ತಿರುಗಿ ಮತ್ತೆ ಹೊಡೆದಳು. ಈ ಸಲ ಬಾಯಿಗೆ. ತುಟಿ ಒಡೆಯಿತು. ಹೊಡೆದವಳೇ ಐಸ್ ತರಲು ಅಂತ ಬಾಗಿಲ ಕಡೆ ಓಡಿದಳು. ನನ್ನ ಕೈಯೂ ಮೇಲಕ್ಕೆದ್ದಿತ್ತು ರುಮ್ಮಿ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಆ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದೆ.

"ಐಸ್ ಬೇಡ. ಇಲ್ಲಿ ನೋಡು. ನೋವಾಯ್ತು ಲಾಸ್ಯಾ. ಅಮ್ಮಂಗೆ ನೋವಾಯ್ತು."

ಅವಳು ನನ್ನ ತುಟಿ ನೋಡಿದಳು. ಆ ಮಾತನ್ನು ನನ್ನ ಬಾಯಿಂದ ಅವಳು ಈವರೆಗೆ ಕೇಳಿರಲಿಲ್ಲ. ಕೈ ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಆಮೇಲೆ, "ವೆನ್ ಅಪ್ಪಾ ಡಿಡ್ ಇಟ್... ಆಗಾನೂ?" ಅಂದಳು.

"ಆಗ್ಲೂ."

"ಎವ್ರಿ ಟೈಮ್?"

"ಪ್ರತಿ ಸಲ" ಅಂದೆ.

ಅವಳ ಮುಖ ಬಾಡಿತು. ಬಸ್ಸು ಬಂದು ಹಾರ್ನ್ ಮಾಡಿ ಹೋಯಿತು. ನಾವಿಬ್ಬರೂ ನೆಲದ ಮೇಲೆ ಕೂತಿದ್ದೆವು.

ನಿನ್ನ
ಸ್ನೇಹಿ